ಆಸ್ಪತ್ರೆಗೂ ಒಬ್ಬ ನೀರುಗಂಟಿ ಬೇಕು

ಯಾವುದಾದರೂ ತಾಲ್ಲೂಕು ಆಸ್ಪತ್ರೆಯ ಔಷಧ ಉಗ್ರಾಣಕ್ಕೆ ಹೋಗಿ ಪ್ಯಾರಾಸಿಟಮಾಲ್ ಮಾತ್ರೆಯ ಲೆಕ್ಕ ಕೇಳಿ. ಯಾವ ಬ್ಯಾಚು, ಯಾವಾಗ ಬಂತು, ಅವಧಿ ಎಂದು ಮುಗಿಯುತ್ತದೆ, ನಿನ್ನೆ ಹೆರಿಗೆ ವಾರ್ಡಿಗೆ ಎಷ್ಟು ಹೋಯಿತು ಎಂಬುದೆಲ್ಲ ಫಾರ್ಮಸಿ ಅಧಿಕಾರಿಯ ರಿಜಿಸ್ಟರಿನಲ್ಲೋ ಕಂಪ್ಯೂಟರಿನಲ್ಲೋ ಸಿಗುತ್ತದೆ. ಸಿಗದಿದ್ದರೆ ಆಡಿಟ್‌ನವರು ಸುಮ್ಮನೆ ಬಿಡುವುದಿಲ್ಲ. ಈಗ ಅದೇ ಆಸ್ಪತ್ರೆಯಲ್ಲಿ ಇನ್ನೊಂದು ಪ್ರಶ್ನೆ ಕೇಳಿ: ಇವತ್ತು ಬೆಳಿಗ್ಗೆ ಹೆರಿಗೆ ವಾರ್ಡಿನ ನಲ್ಲಿಯಲ್ಲಿ ಬಂದ ನೀರಿನಲ್ಲಿ ಕ್ಲೋರಿನ್ ಎಷ್ಟಿತ್ತು? ಉತ್ತರ ಸಿಗುವುದಿರಲಿ, ಉತ್ತರಿಸಬೇಕಾದವರು ಯಾರು ಎಂಬುದನ್ನು ಪತ್ತೆ ಹಚ್ಚುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ನರ್ಸ್ ಕಚೇರಿಯ ಕಡೆ ಕೈ ತೋರಿಸುತ್ತಾರೆ, ಕಚೇರಿಯವರು ಪುರಸಭೆಯ ಕಡೆ. ಪುರಸಭೆಯ ಎಂಜಿನಿಯರು ತಮ್ಮ ಹೊಣೆ ಮೀಟರಿನವರೆಗೆ ಮಾತ್ರ ಎನ್ನುತ್ತಾರೆ.

100 ಹಾಸಿಗೆಯವರೆಗಿನ ಆಸ್ಪತ್ರೆಗೆ ಹಾಸಿಗೆಯೊಂದಕ್ಕೆ ದಿನಕ್ಕೆ 340 ಲೀಟರ್ ನೀರು ಬೇಕೆಂದು ನಮ್ಮ ದೇಶದ ಮಾನಕ ಸಂಹಿತೆ ಹೇಳುತ್ತದೆ. ಎಂದರೆ ನೂರು ಹಾಸಿಗೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ದಿನಕ್ಕೆ 34,000 ಲೀಟರ್. ರೋಗಿಯ ದೇಹಕ್ಕೆ, ಗಾಯಕ್ಕೆ, ಬಾಯಿಗೆ, ಉಸಿರಿಗೆ ಇಷ್ಟು ಪ್ರಮಾಣದಲ್ಲಿ ತಾಗುವ ವಸ್ತು ಆಸ್ಪತ್ರೆಯಲ್ಲಿ ಬೇರೊಂದಿಲ್ಲ. ಲೆಕ್ಕವಿಲ್ಲದ್ದೂ ಅದೊಂದೇ. ಆಸ್ಪತ್ರೆಯ ಕಾಂಪೌಂಡಿನೊಳಗೆ ಬಂದ ನೀರನ್ನು ಔಷಧವನ್ನು ನೋಡಿಕೊಳ್ಳುವಷ್ಟೇ ಶಿಸ್ತಿನಿಂದ ನೋಡಿಕೊಳ್ಳಬೇಕು, ಅದಕ್ಕೆ ಅಳತೆ, ದಾಖಲೆ ಮತ್ತು ಹೆಸರು ಹಿಡಿದು ಕರೆಯಬಹುದಾದ ಒಬ್ಬ ಹೊಣೆಗಾರ ಇರಬೇಕು ಎಂಬುದೇ ನನ್ನ ವಾದ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳನ್ನು ಕಣ್ಣೆದುರು ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅದಕ್ಕೆ ಕಾರಣವಿದೆ.

ಇದು ನೀರಿಲ್ಲದ ಸೀಮೆಯಲ್ಲ. ಬ್ರಹ್ಮಗಿರಿಯಲ್ಲಿ ಹುಟ್ಟಿದ ಲಕ್ಷ್ಮಣತೀರ್ಥ ಹುಣಸೂರಿನ ಮಗ್ಗುಲಲ್ಲೇ ಹರಿಯುತ್ತದೆ. ಕಾವೇರಿ ಪಿರಿಯಾಪಟ್ಟಣದ ಅಂಚು ಸವರಿಕೊಂಡು ಬಂದು ಕೆ.ಆರ್. ನಗರ ಸೀಮೆಯ ಚುಂಚನಕಟ್ಟೆಯಲ್ಲಿ ಧುಮುಕುತ್ತದೆ. ಕೋಟೆ ಸೀಮೆಯಲ್ಲಂತೂ ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಜಲಾಶಯಗಳು. ಆದರೆ ಈ ನೀರು ವರ್ಷವಿಡೀ ಒಂದೇ ನೀರಲ್ಲ. ಕೊಡಗು, ವಯನಾಡುಗಳಲ್ಲಿ ಮಳೆ ಹಿಡಿದರೆ ಹೊಳೆಗಳು ಕೆಂಪಾಗುತ್ತವೆ. ಆ ಕೆಸರು ಕ್ಲೋರಿನ್ನನ್ನು ತಾನೇ ತಿಂದುಹಾಕುತ್ತದೆ, ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣು ಬದುಕಿಕೊಳ್ಳುತ್ತದೆ. ಬೇಸಿಗೆಯಲ್ಲಿ ಲಕ್ಷ್ಮಣತೀರ್ಥ ಸೊರಗಿ, ಊರಿನ ಚರಂಡಿ ನೀರೇ ಹೊಳೆಯ ಹೆಚ್ಚಿನ ಪಾಲಾಗುತ್ತದೆ. ಆಗ ಕೊಳವೆಬಾವಿ, ಟ್ಯಾಂಕರ್. ಹೀಗೆ ಋತುವಿಗೊಂದು ಬಗೆಯ ನೀರು ಬಂದು ಆಸ್ಪತ್ರೆಯ ಸಂಪಿಗೆ ಬೀಳುತ್ತಿರುವಾಗ, ಒಳಗಿನ ಪದ್ಧತಿ ಮಾತ್ರ ಹನ್ನೆರಡು ತಿಂಗಳೂ ಒಂದೇ: ಮೋಟಾರ್ ಹಾಕು, ಟ್ಯಾಂಕ್ ತುಂಬಿಸು, ನಲ್ಲಿ ತಿರುಗಿಸು.

ಈ ನಲ್ಲಿಯ ಮುಂದೆ ನಿಲ್ಲುವವರು ಯಾರು? ಮೈಸೂರಿನ ಖಾಸಗಿ ಆಸ್ಪತ್ರೆಗೆ ಹೋಗುವ ಶಕ್ತಿಯುಳ್ಳವರು ಇಲ್ಲಿ ದಾಖಲಾಗುವುದು ಕಡಿಮೆ. ತಂಬಾಕು ಬ್ಯಾರನ್ನಿನ ಬಿಸಿಯಲ್ಲಿ ಇರುಳಿಡೀ ನಿಂತು ಬಸವಳಿದವರು, ಎರಡನೆಯ ಹೆರಿಗೆಗೆ ಬಂದ ರಕ್ತಹೀನ ಬಸುರಿ, ಕ್ಷಯ ಹಿಡಿದ ಕೂಲಿಯಾಳು, ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತ ಅಜ್ಜಿ, ಬೈಲಕುಪ್ಪೆಯ ನಿರಾಶ್ರಿತ ವಸಾಹತಿನಲ್ಲಿ ಮುಪ್ಪಾದ ಟಿಬೆಟನ್ನರು, ನಾಗರಹೊಳೆಯ ಅಂಚಿನ ಹಾಡಿಗಳಿಂದ ಬರುವ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳು. ಇವರ ಮೈಯಲ್ಲಿ ಸೋಂಕಿನೊಡನೆ ಸೆಣಸುವ ಕಸುವು ಮೊದಲೇ ಇಳಿದಿರುತ್ತದೆ.

ಹಾಡಿಗಳ ಮಕ್ಕಳಲ್ಲಿ ಕಾಣುವ ಕುಡುಗೋಲು ಕಣ ರಕ್ತಹೀನತೆಯನ್ನೇ, ಜನ ಹೇಳುವಂತೆ ಸಿಕಲ್ ಸೆಲ್ ಕಾಯಿಲೆಯನ್ನೇ ತೆಗೆದುಕೊಳ್ಳೋಣ. ಈ ಮಕ್ಕಳ ಕೆಂಪು ರಕ್ತಕಣ ಆಮ್ಲಜನಕ ಅಥವಾ ನೀರಿನಂಶ ಕಡಿಮೆಯಾದಾಗ ಬಾಗಿ ಬಿಗಿಯಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ತಡೆಯಲಾರದ ನೋವು ಬರುತ್ತದೆ. ಆದ್ದರಿಂದ ವೈದ್ಯರು ಹೇಳುವ ಮೊದಲ ಮಾತೇ ‘ನೀರು ಚೆನ್ನಾಗಿ ಕುಡಿಸಿ’ ಎಂದು. ಇನ್ನೊಂದು ಕಡೆ, ಕಾಯಿಲೆ ಎಳವೆಯಲ್ಲೇ ಮಗುವಿನ ಗುಲ್ಮವನ್ನು ನಿಷ್ಕ್ರಿಯಗೊಳಿಸಿರುತ್ತದೆ. ಗುಲ್ಮ ಕೆಲಸ ನಿಲ್ಲಿಸಿದ ದೇಹ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳನ್ನು ರಕ್ತದಿಂದ ಸೋಸಿ ಹಾಕಲಾರದು, ಅವು ಹೋಗಿ ಮೂಳೆಯಲ್ಲಿ ಕೂರುತ್ತವೆ. ನೀರು ಕೆಟ್ಟಿದ್ದರೆ ಬರುವ ಭೇದಿ ಮತ್ತೆ ದೇಹದ ನೀರನ್ನೇ ಕಸಿದು ನೋವಿನ ಹೊಸ ಸುತ್ತನ್ನು ಶುರುಮಾಡುತ್ತದೆ. ಈ ಮಗುವಿಗೆ ನೀರು ಕೊಡದೆಯೂ ಇರುವಂತಿಲ್ಲ, ಕೆಟ್ಟ ನೀರು ಕೊಡುವಂತೆಯೂ ಇಲ್ಲ. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ ಆರಂಭಿಸಿ ಏಳು ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿತು. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸರಗೂರಿನ ಆಸ್ಪತ್ರೆಯ ಮೂಲಕ ಈ ಭಾಗದಲ್ಲಿ ಅದೇ ಕಾಯಿಲೆಯ ಮೇಲೆ ಬಹುಕಾಲದಿಂದ ಕೆಲಸ ಮಾಡುತ್ತ ಬಂದಿದೆ. ರಕ್ತ ಪರೀಕ್ಷೆ ಮಾಡಿ ಕಾರ್ಡು ಕೊಡುವುದು ಎಷ್ಟು ಮುಖ್ಯವೋ, ಆ ಕಾರ್ಡು ಹಿಡಿದು ವಾರ್ಡಿಗೆ ಬಂದ ಮಗುವಿನ ಲೋಟಕ್ಕೆ ಬೀಳುವ ನೀರೂ ಅಷ್ಟೇ ಮುಖ್ಯ.

‘ಇವರೇನು ಮನೆಯಲ್ಲಿ ಇದಕ್ಕಿಂತ ಒಳ್ಳೆಯ ನೀರು ಕುಡಿಯುತ್ತಾರೆಯೇ?’ ಎಂಬ ಮಾತು ಆಸ್ಪತ್ರೆಯ ಒಳಗೂ ಹೊರಗೂ ಕೇಳಿಬರುತ್ತದೆ. ಇದು ನಿರ್ದಯ ಮಾತಷ್ಟೇ ಅಲ್ಲ, ವಿಜ್ಞಾನಕ್ಕೂ ದೂರವಾದದ್ದು. ಗಟ್ಟಿಮುಟ್ಟಾದ ಯುವಕನಿಗೆ ಹೆಪಟೈಟಿಸ್ ಇ ಬಂದರೆ ಕೆಲವು ವಾರ ಕಾಮಾಲೆಯಿಂದ ಬಳಲಿ ಎದ್ದು ಕೂರುತ್ತಾನೆ. ಅದೇ ವೈರಾಣು ಏಳು ತಿಂಗಳು ದಾಟಿದ ಬಸುರಿಯನ್ನು ಹಿಡಿದರೆ ಐವರಲ್ಲಿ ಒಬ್ಬರಂತೆ ಸಾಯುವುದುಂಟು. ವೈರಾಣು ಬದಲಾಗಿಲ್ಲ, ನೀರು ಬದಲಾಗಿಲ್ಲ. ದೇಹದ ಸ್ಥಿತಿ ಬದಲಾಗಿದೆ. ಎಚ್‌ಐವಿ ಇರುವವರಿಗೆ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ತಿಂಗಳುಗಟ್ಟಲೆ ಭೇದಿ ಹಚ್ಚುತ್ತದೆ. ಅದು ಕ್ಲೋರಿನ್ನಿಗೂ ಜಗ್ಗದು, ನೀರು ಕುದಿಸಿದರೆ ಸಾಯುತ್ತದೆ. ಊರಿನ ನಲ್ಲಿಗೆ ‘ಕುಡಿಯಲು ಯೋಗ್ಯ’ ಎಂದು ಸಿಕ್ಕ ಪ್ರಮಾಣಪತ್ರ ಆರೋಗ್ಯವಂತರ ಲೆಕ್ಕದ್ದು. ವಾರ್ಡಿನಲ್ಲಿ ಮಲಗಿದವರಿಗೆ ಬೇರೆ ಲೆಕ್ಕ ಬೇಕು.

ಈ ವಿಷಯದಲ್ಲಿ ನಮ್ಮ ಹಳೆಯ ಮನೆಪದ್ಧತಿ ಆಸ್ಪತ್ರೆಗಿಂತ ಮುಂದಿದೆ ಎಂದು ಹೇಳಲೇಬೇಕು. ಬಾಣಂತಿಗೆ ಕಾದಾರಿದ ನೀರನ್ನೇ ಕೊಡಬೇಕು ಎಂಬುದು ಈ ಸೀಮೆಯ ಪ್ರತಿ ಅಜ್ಜಿಯ ಹಟ. ಬೆಳಿಗ್ಗೆ ಆಸ್ಪತ್ರೆಯ ಗೇಟಿನ ಎದುರಿನ ಟೀ ಅಂಗಡಿಗಳ ಮುಂದೆ ಫ್ಲಾಸ್ಕ್ ಹಿಡಿದು ನಿಂತ ಅತ್ತೆಯಂದಿರ, ಅಮ್ಮಂದಿರ ಸಾಲು ನೋಡಿ. ಒಳಗೆ ಉಚಿತವಾಗಿ ಸಿಗಬೇಕಾದ ಬಿಸಿನೀರಿಗೆ ಅವರು ಹೊರಗೆ ಕಾಸು ಕೊಡುತ್ತಿದ್ದಾರೆ. ಬಾಣಂತಿಗೆ ನೀರೇ ಕಡಿಮೆ ಕೊಡುವ ಇನ್ನೊಂದು ಹಟವನ್ನು ನರ್ಸ್‌ಗಳು ಬಿಡಿಸಬೇಕು, ಅದು ಬೇರೆ ಮಾತು. ಆದರೆ ಕುದಿಸಿದ ನೀರಿನ ಮೇಲೆ ಜನಕ್ಕೆ ಇರುವ ಈ ನಂಬಿಕೆಯನ್ನು ಆಸ್ಪತ್ರೆ ಬಳಸಿಕೊಳ್ಳಬೇಕಿತ್ತು. ವಾರ್ಡಿಗೊಂದು ಬಾಯ್ಲರ್, ಅದಕ್ಕೊಂದು ಮುಚ್ಚಳ, ಕೈ ಅದ್ದದೆ ಹಿಡಿಯಲು ಒಂದು ನಲ್ಲಿ ಸಾಕಿತ್ತು.

ಕುಡಿಯುವ ನೀರಿನ ಮಾತು ಇಲ್ಲಿಗೆ ನಿಂತರೆ ವಿಷಯ ಅರ್ಧಕ್ಕೇ ನಿಂತ ಹಾಗೆ. ಆಸ್ಪತ್ರೆಯಲ್ಲಿ ನೀರು ಬಾಯಿಯ ದಾರಿ ಬಿಟ್ಟು ಬೇರೆ ದಾರಿಗಳಿಂದಲೂ ದೇಹಕ್ಕಿಳಿಯುತ್ತದೆ. ಅವುಗಳಲ್ಲಿ ತೀರ ನೇರವಾದ ದಾರಿ ಡಯಾಲಿಸಿಸ್.

ಕಿಡ್ನಿ ಸೋತವರು ವಾರಕ್ಕೆರಡು ಮೂರು ಸಲ ಮೈಸೂರಿನ ಬಸ್ಸು ಹತ್ತಬೇಕಿದ್ದ ಕಾಲ ಹೋಗಿ, ತಾಲ್ಲೂಕು ಆಸ್ಪತ್ರೆಗಳಲ್ಲೇ ಡಯಾಲಿಸಿಸ್ ಸಿಗುವಂತಾದದ್ದು ದೊಡ್ಡ ಉಪಕಾರ. ಪಿರಿಯಾಪಟ್ಟಣದಿಂದ ಮೈಸೂರು 65 ಕಿಲೋಮೀಟರಿಗೂ ದೂರ. ಹೋಗಿಬರುವ ಆಯಾಸದಲ್ಲೇ ಚಿಕಿತ್ಸೆ ಬಿಟ್ಟವರಿದ್ದರು. ಆದರೆ ಯಂತ್ರದ ಹಿಂದಿರುವ ನೀರಿನ ಪ್ರಮಾಣ ಎಷ್ಟೆಂದು ತಿಳಿದವರು ಕಡಿಮೆ. ನಿಮಿಷಕ್ಕೆ ಅರ್ಧ ಲೀಟರಿನಂತೆ ನಾಲ್ಕು ಗಂಟೆಗೆ 120 ಲೀಟರ್ ದ್ರವ ರೋಗಿಯ ರಕ್ತದ ಪಕ್ಕದಲ್ಲಿ ಹರಿಯುತ್ತದೆ. ನಡುವೆ ಇರುವುದು ತೆಳ್ಳನೆಯ ಪೊರೆ ಮಾತ್ರ. ನಾವು ವಾರಕ್ಕೆ ಹದಿನಾಲ್ಕು ಲೀಟರ್ ನೀರು ಕುಡಿಯಬಹುದು, ಅದನ್ನು ತಡೆದು ಪರೀಕ್ಷಿಸಲು ಹೊಟ್ಟೆಯ ಆಮ್ಲ, ಕರುಳು, ಯಕೃತ್ತು ಇವೆ. ಡಯಾಲಿಸಿಸ್ ರೋಗಿ ವಾರಕ್ಕೆ 240ರಿಂದ 360 ಲೀಟರಿಗೆ ತನ್ನ ರಕ್ತವನ್ನೇ ಒಡ್ಡುತ್ತಾನೆ, ತಡೆಯಲು ಆ ಪೊರೆ ಬಿಟ್ಟರೆ ಏನೂ ಇಲ್ಲ. ಆದ್ದರಿಂದಲೇ ಈ ನೀರಿನಲ್ಲಿ ಒಂದು ಮಿಲಿಲೀಟರಿಗೆ ನೂರಕ್ಕಿಂತ ಕಡಿಮೆ ಬ್ಯಾಕ್ಟೀರಿಯಾ ಇರಬೇಕು, ಸತ್ತ ಬ್ಯಾಕ್ಟೀರಿಯಾ ಉಗುಳುವ ಎಂಡೊಟಾಕ್ಸಿನ್ ಎಂಬ ವಿಷದ ಪ್ರಮಾಣವೂ ಅತ್ಯಲ್ಪವಾಗಿರಬೇಕು ಎಂದು ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ.

1996ರ ಆರಂಭದಲ್ಲಿ ಬ್ರೆಜಿಲಿನ ಕರುವಾರು ಎಂಬ ಊರಿನ ಡಯಾಲಿಸಿಸ್ ಕೇಂದ್ರದಲ್ಲಿ ನಡೆದದ್ದನ್ನು ನಮ್ಮ ಪ್ರತಿ ತಾಲ್ಲೂಕು ಆಸ್ಪತ್ರೆಯ ಗೋಡೆಗೆ ಅಂಟಿಸಬೇಕು. ಬರದ ಕಾಲ. ಜಲಾಶಯದ ನೀರಿನಲ್ಲಿ ನೀಲಿ-ಹಸಿರು ಪಾಚಿ ಬೆಳೆದಿತ್ತು. ಸರಿಯಾಗಿ ಶುದ್ಧಿಯಾಗದ ನೀರನ್ನು ಟ್ಯಾಂಕರಿನಲ್ಲಿ ತಂದು ಕೇಂದ್ರಕ್ಕೆ ತುಂಬಿಸಿದರು. ಕೇಂದ್ರದ ಫಿಲ್ಟರುಗಳೂ ಪಾಚಿ ಬಿಟ್ಟ ವಿಷವನ್ನು ತಡೆಯಲಿಲ್ಲ. ನೂರಕ್ಕೂ ಹೆಚ್ಚು ರೋಗಿಗಳಿಗೆ ಕಣ್ಣು ಮಂಜಾಯಿತು, ವಾಂತಿ ಬಂತು, ಯಕೃತ್ತು ಕುಸಿಯಿತು; ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಈ ವಿಷ ಕುದಿಸಿದರೆ ಹೋಗುವಂಥದ್ದಲ್ಲ. ಬರ, ಹಸಿರುಗಟ್ಟಿದ ಕೆರೆ, ಟ್ಯಾಂಕರ್: ಈ ಮೂರೂ ಏಪ್ರಿಲ್ ತಿಂಗಳಿನಲ್ಲಿ ನಮ್ಮ ಸೀಮೆಯವರಿಗೆ ಪರಿಚಿತವಾದವೇ. ಬೇಸಿಗೆಯಲ್ಲಿ ಆಸ್ಪತ್ರೆಗೆ ಬರುವ ಟ್ಯಾಂಕರಿನ ಡ್ರೈವರನನ್ನು ‘ಈ ನೀರು ಎಲ್ಲಿಂದ ತುಂಬಿಸಿದ್ದಪ್ಪ?’ ಎಂದು ಕೇಳಿ ಬರೆದಿಟ್ಟುಕೊಳ್ಳುವ ಒಬ್ಬ ಮನುಷ್ಯ ಇಲ್ಲದಿದ್ದರೆ ಕರುವಾರು ದೂರದ ಊರಲ್ಲ.

ಇಲ್ಲೇ ಇನ್ನೊಂದು ತೊಡಕಿದೆ. ವಾರ್ಡಿನ ನೀರನ್ನು ಕಾಯುವ ಕ್ಲೋರಿನ್ ಡಯಾಲಿಸಿಸ್ ಯಂತ್ರಕ್ಕೆ ಹೋದರೆ ರಕ್ತಕಣಗಳನ್ನು ಒಡೆದುಹಾಕುತ್ತದೆ. ಅದಕ್ಕೆಂದೇ ಅಲ್ಲಿ ಇದ್ದಿಲಿನ ಫಿಲ್ಟರ್ ಇರುತ್ತದೆ. ಊರಲ್ಲಿ ವಾಂತಿಭೇದಿ ಸುದ್ದಿ ಹಬ್ಬಿದ ದಿನ ಯಾರೋ ಓಡಿಬಂದು ಸಂಪಿಗೆ ಬ್ಲೀಚಿಂಗ್ ಪೌಡರನ್ನು ಮನಸ್ಸಿಗೆ ಬಂದಷ್ಟು ಸುರಿದರು, ಡಯಾಲಿಸಿಸ್ ಘಟಕದವರಿಗೆ ಹೇಳಲಿಲ್ಲ ಎಂದುಕೊಳ್ಳಿ. ಘಟಕವನ್ನು ನಡೆಸುವುದು ಗುತ್ತಿಗೆ ಕಂಪನಿ, ಸಂಪು ಆಸ್ಪತ್ರೆಯದ್ದು, ಪೌಡರ್ ತಂದದ್ದು ಪುರಸಭೆ. ಮೂವರೂ ಒಳ್ಳೆಯ ಕೆಲಸವನ್ನೇ ಮಾಡಿದ್ದಾರೆ, ರೋಗಿ ಮಾತ್ರ ಅಪಾಯದಲ್ಲಿದ್ದಾನೆ. ನೀರು ಸಂಪಿನಿಂದ ಹಾಸಿಗೆಯವರೆಗೆ ಹೋಗುವ ಇಡೀ ದಾರಿ ಒಬ್ಬರ ತಲೆಯಲ್ಲಿ ಇರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಇನ್ನು ಉಸಿರಿನ ದಾರಿ. ಆಮ್ಲಜನಕ ಕೊಡುತ್ತಿರುವ ಯಾವುದೇ ಹಾಸಿಗೆಯ ತಲೆಯ ಕಡೆ, ಗೋಡೆಗೆ ಸಿಕ್ಕಿಸಿದ ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಗುಳುಗುಳು ಎನ್ನುತ್ತಿರುತ್ತದೆ. ಒಣ ಆಮ್ಲಜನಕಕ್ಕೆ ತೇವ ಕೊಡಲು ಅದು. ಬಾಟಲಿಯ ಮೈಮೇಲೆ ಎರಡು ಗೆರೆ ಇರುತ್ತವೆ, ನೀರು ಅವುಗಳ ನಡುವೆ ಇರಬೇಕು. ಕ್ರಿಮಿಶುದ್ಧ ಮಾಡಿದ ನೀರನ್ನೇ ಹಾಕಬೇಕು, ದಿನಕ್ಕೊಮ್ಮೆ ಪೂರ್ತಿ ಚೆಲ್ಲಿ, ಬಾಟಲಿ ತೊಳೆದು, ಒಣಗಿಸಿ, ಹೊಸದಾಗಿ ತುಂಬಬೇಕು. ರಾತ್ರಿ ಪಾಳಿಯಲ್ಲಿ ಒಬ್ಬರೇ ನರ್ಸ್ ಮೂವತ್ತು ಹಾಸಿಗೆ ನೋಡಿಕೊಳ್ಳುವಾಗ ಏನಾಗುತ್ತದೆ? ನೀರು ಕೆಳಗಿನ ಗೆರೆಗೆ ಇಳಿದದ್ದು ಕಂಡು ಹತ್ತಿರದ ನಲ್ಲಿಯಿಂದ ಮೇಲಷ್ಟು ಹಾಕುತ್ತಾರೆ. ಹಳೆಯ ನೀರಿನ ಮೇಲೆ ಹೊಸ ನೀರು. ಬಾಟಲಿಯ ತಳವನ್ನು ಬೆರಳಿನಿಂದ ಸವರಿದರೆ ಜಾರುವ ಲೋಳೆ ಸಿಗುತ್ತದೆ. ಆ ಲೋಳೆಯೇ ಬ್ಯಾಕ್ಟೀರಿಯಾಗಳ ಮನೆ. ಅಲ್ಲಿಂದ ಎದ್ದ ಗುಳ್ಳೆಯ ಗಾಳಿ ನೇರ ನ್ಯುಮೋನಿಯಾ ರೋಗಿಯ ಶ್ವಾಸಕೋಶಕ್ಕೆ. 2021ರಲ್ಲಿ ಕೋವಿಡ್ ಬೆನ್ನಿಗೆ ಕಪ್ಪು ಶಿಲೀಂಧ್ರ ಹಬ್ಬಿದಾಗ ಈ ಬಾಟಲಿಗಳ ಮೇಲೂ ಅನುಮಾನ ಬಂತು. ಕೆಲವು ವಾರ ಎಲ್ಲರೂ ಅದರ ಮಾತಾಡಿದರು, ಆಮೇಲೆ ಮರೆತರು.

ಕೈ ತೊಳೆಯುವ ಸಿಂಕ್ ಇನ್ನೊಂದು. ಕೈ ಶುಚಿಗೆಂದು ಇಟ್ಟ ಸಿಂಕೇ ಕೊಳೆಯ ಮೂಲವಾಗುತ್ತದೆಂದರೆ ಅನೇಕರು ನಂಬುವುದಿಲ್ಲ. ಉಳಿದ ಡೆಕ್ಸ್ಟ್ರೋಸ್ ಬಾಟಲಿಯನ್ನು, ಕುಡಿದು ಬಿಟ್ಟ ಹಾಲನ್ನು, ಟೀಯನ್ನು, ಮಿಕ್ಕ ಆ್ಯಂಟಿಬಯೊಟಿಕ್ಕನ್ನು ಅದರಲ್ಲೇ ಚೆಲ್ಲುತ್ತೇವೆ. ಸಕ್ಕರೆ ಸಿಕ್ಕಿದ ಬ್ಯಾಕ್ಟೀರಿಯಾ ಕೊಳವೆಯ ಒಳಗೆ ಬೆಳೆಯುತ್ತದೆ, ಆ್ಯಂಟಿಬಯೊಟಿಕ್ ಸಿಕ್ಕಿದ್ದು ಅದಕ್ಕೆ ಪಳಗುತ್ತದೆ. ನಲ್ಲಿಯ ಧಾರೆ ನೇರವಾಗಿ ಸಿಂಕಿನ ತೂತಿನ ಮೇಲೇ ಬೀಳುವಂತಿದ್ದರೆ ಆ ಕೊಳವೆಯ ಲೋಳೆ ಹನಿಹನಿಯಾಗಿ ಒಂದು ಮೀಟರಿನವರೆಗೂ ಸಿಡಿಯುತ್ತದೆ. ಜಾಗದ ಅಭಾವದಿಂದ ಇಂಜೆಕ್ಷನ್ ಟ್ರೇ ಇಡುವುದೂ ಆ ಸಿಂಕಿನ ಪಕ್ಕದ ಕಟ್ಟೆಯ ಮೇಲೇ. ಬೆಲ್‌ಫಾಸ್ಟ್ ನಗರದ ಹೆರಿಗೆ ಆಸ್ಪತ್ರೆಯಲ್ಲಿ 2012ರ ಜನವರಿಯಲ್ಲಿ ನವಜಾತ ಶಿಶುಗಳ ಘಟಕದಲ್ಲಿ ಸ್ಯೂಡೊಮೊನಾಸ್ ಸೋಂಕಿನಿಂದ ಮೂರು ಹಸುಗೂಸುಗಳು ಸತ್ತವು. ಸಿಂಕಿನ ನಲ್ಲಿಗಳಲ್ಲೇ ಆ ಬ್ಯಾಕ್ಟೀರಿಯಾ ಸಿಕ್ಕಿತು. ಹಣಕ್ಕೂ ತಜ್ಞರಿಗೂ ಕೊರತೆಯಿಲ್ಲದ ನಾಡು ಅದು. ಆ ಘಟನೆಯ ನಂತರ ಅಂಥ ಘಟಕಗಳಲ್ಲಿ ಶಿಶುಗಳ ಮೈ ಒರೆಸಲೂ ಕ್ರಿಮಿಶುದ್ಧ ನೀರನ್ನೇ ಬಳಸಬೇಕೆಂಬ ಸೂಚನೆ ಹೊರಟಿತು. ನಮ್ಮಲ್ಲಿ ಅವಧಿಗೆ ಮುಂಚೆ ಹುಟ್ಟಿದ, ತೂಕ ಕಡಿಮೆಯಿರುವ ಮಗುವಿನ ಹಾಲಿನ ಒಳಲೆಯನ್ನು ಎಲ್ಲಿ ತೊಳೆಯುತ್ತಿದ್ದೇವೆ ಎಂದು ಒಂದು ಸಲ ಹೋಗಿ ನೋಡುವುದು ಒಳ್ಳೆಯದು.

ಇಷ್ಟು ಹೇಳಿದ ಮೇಲೆ ‘ಆರ್‌ಒ ಹಾಕಿಸಿದರಾಯಿತಲ್ಲ’ ಎಂಬ ಸಲಹೆ ಬಂದೇ ಬರುತ್ತದೆ. ಶಾಸಕರ ನಿಧಿಯಿಂದಲೋ ಸೇವಾಸಂಸ್ಥೆಯ ದಾನದಿಂದಲೋ ಬಂದ ಆರ್‌ಒ ಯಂತ್ರ ಇಲ್ಲದ ಆಸ್ಪತ್ರೆ ಈಗ ಅಪರೂಪ. ಕೊಟ್ಟವರ ಹೆಸರು ಅದರ ಮೇಲೆ ದೊಡ್ಡದಾಗಿ ಇರುತ್ತದೆ, ಫಿಲ್ಟರ್ ಬದಲಿಸಿದ ದಿನಾಂಕ ಎಲ್ಲೂ ಇರುವುದಿಲ್ಲ. ಆರ್‌ಒ ಉಪ್ಪನ್ನು ತೆಗೆಯುತ್ತದೆ, ಜೊತೆಗೆ ಕ್ಲೋರಿನ್ನಿನ ಕಾವಲನ್ನೂ ತೆಗೆದುಹಾಕುತ್ತದೆ. ಕಾವಲಿಲ್ಲದ ನೀರು ಯಂತ್ರದ ತೊಟ್ಟಿಯಲ್ಲಿ, ಆಮೇಲೆ ರೋಗಿಯ ಕಡೆಯವರ ಹಳೆಯ ಬಾಟಲಿಯಲ್ಲಿ ದಿನಗಟ್ಟಲೆ ನಿಂತರೆ ಕೆಡುವುದಕ್ಕೆ ತಡವೇನೂ ಆಗದು. ದಾನಿಗಳಲ್ಲಿ ನನ್ನದೊಂದು ವಿನಂತಿ: ಯಂತ್ರದ ಜೊತೆಗೆ ಐದು ವರ್ಷದ ಫಿಲ್ಟರಿನ ಖರ್ಚನ್ನೂ ಕೊಡಿ, ಇಲ್ಲವಾದರೆ ಯಂತ್ರ ಬೇಡ.

ದೊಡ್ಡ ಉಪಕಾರ ಮಾಡುವುದು ಬಡ ಬ್ಲೀಚಿಂಗ್ ಪೌಡರ್. ಒಳ್ಳೆಯ ಪೌಡರಾದರೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಸಾಕು. 34,000 ಲೀಟರಿಗೆ 85 ಗ್ರಾಂ. ಹಾಕಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟ ಮೇಲೆ, ತೀರ ಕೊನೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂದು ಕುಡಿಯುವ ನೀರಿನ ಭಾರತೀಯ ಮಾನಕ ಹೇಳುತ್ತದೆ. ಆ ನೀರಿನ 100 ಮಿಲಿಲೀಟರಿನಲ್ಲಿ ಒಂದೇ ಒಂದು ಇ-ಕೊಲೈ ಕೂಡ ಸಿಗಕೂಡದು. ಆದರೆ ಬಾಯಿ ತೆರೆದಿಟ್ಟ ಚೀಲದ ಪೌಡರ್ ತೇವಕ್ಕೂ ಬಿಸಿಲಿಗೂ ಸತ್ತ್ವ ಕಳೆದುಕೊಂಡು ಬರೀ ಸುಣ್ಣವಾಗಿರುತ್ತದೆ. ಸತ್ತ ಪೌಡರನ್ನು ಎಷ್ಟು ಹಾಕಿದರೂ ವಾಸನೆ ಬಂದೀತು, ರಕ್ಷಣೆ ಸಿಗದು. ಇದನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ನೀರಿಗೆ ದ್ರಾವಣದ ಹನಿ ಹಾಕಿ ಹಳದಿ ಬಣ್ಣ ನೋಡುವ ಕ್ಲೋರೊಸ್ಕೋಪ್ ಆರೋಗ್ಯ ನಿರೀಕ್ಷಣಾಧಿಕಾರಿಗಳ ಚೀಲದಲ್ಲೇ ಇರುತ್ತದೆ. ಮಲದ ಕೊಳೆ ಸೇರಿದ ನೀರನ್ನು ಕಪ್ಪಾಗಿಸಿ ತೋರಿಸುವ ಪುಟ್ಟ ಸೀಸೆಯ ಪರೀಕ್ಷೆಯನ್ನು ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದ ಮಂಜ ಮತ್ತು ಅವರ ಸಂಗಡಿಗರು 1982ರಲ್ಲೇ ಪ್ರಕಟಿಸಿದರು. ಜಗತ್ತಿನ ಬಡ ಊರುಗಳೆಲ್ಲ ಬಳಸಿದ, ನಮ್ಮದೇ ನೆಲದಲ್ಲಿ ಹುಟ್ಟಿದ ಪರೀಕ್ಷೆ ಅದು. ಸಿಂಕಿನ ಸ್ಯೂಡೊಮೊನಾಸ್ ಅದಕ್ಕೆ ಸಿಗುವುದಿಲ್ಲ ಎಂಬುದು ನಿಜ. ಆದರೆ ಸಂಪಿಗೆ ಚರಂಡಿ ಸೇರುತ್ತಿದೆಯೇ ಎಂಬ ಮೊದಲ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ಊರೂರಿನ ಟ್ಯಾಂಕ್ ಪರೀಕ್ಷಿಸುವ ಆರೋಗ್ಯ ನಿರೀಕ್ಷಣಾಧಿಕಾರಿಯ ಪಟ್ಟಿಯಲ್ಲಿ ಮೊದಲ ಟ್ಯಾಂಕ್ ತಮ್ಮ ಆಸ್ಪತ್ರೆಯದ್ದೇ ಆಗಬೇಕು.

ಮಾಳಿಗೆಯ ಕಪ್ಪು ಸಿಂಟೆಕ್ಸ್ ಟ್ಯಾಂಕನ್ನು, ಬೀಗ ಹಾಕಿದ ವಾರ್ಡಿಗೆ ಹೋಗುವ ಪೈಪನ್ನು ಇಲ್ಲಿ ನೆನಪಿಡಬೇಕು. ಲೀಜನೆಲ್ಲಾ ಎಂಬ ನ್ಯುಮೋನಿಯಾದ ಬ್ಯಾಕ್ಟೀರಿಯಾ ಬೆಳೆಯಲು ಬೇಕಾದದ್ದು ನಿಂತ ನೀರು ಮತ್ತು 25ರಿಂದ 45 ಡಿಗ್ರಿ ಶಾಖ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ನಡೆದ ಮಾಜಿ ಸೈನಿಕರ ಸಮಾವೇಶದಿಂದ ಅದರ ಹೆಸರು ಜಗತ್ತಿಗೆ ತಿಳಿಯಿತು. ನಮ್ಮ ಬಿಸಿಲು ಅದಕ್ಕೆ ಬೇಕಾದ ಶಾಖವನ್ನು ಪುಕ್ಕಟೆ ಕೊಡುತ್ತದೆ. ಬಳಸದ ನಲ್ಲಿಗಳನ್ನು ವಾರಕ್ಕೆರಡು ಸಲ ಕೆಲವು ನಿಮಿಷ ಬಿಟ್ಟು ನೀರು ಹರಿಸುವುದು, ಬೇಡವಾದ ಪೈಪನ್ನು ಕತ್ತರಿಸಿ ಮುಚ್ಚುವುದು, ಸೋಲಾರ್ ನೀರನ್ನು ಅರೆಬಿಸಿಯಲ್ಲಿ ನಿಲ್ಲಲು ಬಿಡದಿರುವುದು ಪ್ಲಂಬರ್ ಮಾಡುವ ಕೆಲಸ.

ಇಷ್ಟೆಲ್ಲ ಅಪಾಯವಿದ್ದರೆ ಸಾವು-ನೋವು ಕಾಣಬೇಕಿತ್ತಲ್ಲ ಎಂದು ಕೇಳಬಹುದು. ಕಾಣದಿರುವುದಕ್ಕೆ ಕಾರಣ ಕಾಯಿಲೆ ಇಲ್ಲದಿರುವುದಲ್ಲ, ನೋಡುವ ಕಣ್ಣು ಇಲ್ಲದಿರುವುದು. 2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಹತ್ತಾರು ಜನ ಆಸ್ಪತ್ರೆ ಸೇರಿದರು, ಯುವಕನೊಬ್ಬ ಸತ್ತ. ಅದಕ್ಕೆ ಹಿಂದಿನ ವರ್ಷ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲೂ ಜೀವಗಳು ಹೋದವು. ಇವೆರಡೂ ಸುದ್ದಿಯಾದವು, ಮಂತ್ರಿಗಳು ಬಂದರು, ಅಧಿಕಾರಿಗಳ ಮೇಲೆ ಕ್ರಮವಾಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆಯಾದರೂ ಬಾಗಿಲು ಹಾಕಿದರು. ಒಂದೇ ಬೀದಿಯ ಆರೋಗ್ಯವಂತರು ಒಂದೇ ದಿನ ಮಲಗಿದಾಗ ಯಾರಿಗಾದರೂ ತಿಳಿಯುತ್ತದೆ. ವಾರ್ಡಿನಲ್ಲಿ ಹಾಗಾಗುವುದಿಲ್ಲ. ಸಿಸೇರಿಯನ್ ಆದವಳಿಗೆ ನಾಲ್ಕನೇ ದಿನ ಜ್ವರ ಬರುತ್ತದೆ, ಹೊಲಿಗೆ ಕೀವಾಗುತ್ತದೆ. ತಾಲ್ಲೂಕು ಮಟ್ಟದಲ್ಲಿ ಕೀವಿನ ಕಲ್ಚರ್ ಮಾಡುವ ಅನುಕೂಲ ಕಡಿಮೆ. ಆ್ಯಂಟಿಬಯೊಟಿಕ್ ಬದಲಿಸುತ್ತಾರೆ, ಗುಣವಾಗದಿದ್ದರೆ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಕೆ.ಆರ್. ಆಸ್ಪತ್ರೆಗೋ ಕಳಿಸುತ್ತಾರೆ. ಅಲ್ಲಿ ಬ್ಯಾಕ್ಟೀರಿಯಾದ ಹೆಸರು ಸಿಕ್ಕರೂ, ಆ ಹೆಸರು ಹುಣಸೂರಿಗೋ ಕೋಟೆಗೋ ತಿರುಗಿ ಬರುವುದಿಲ್ಲ. ಮುಂದಿನ ವಾರ ಇನ್ನೊಬ್ಬಳು ಅದೇ ಹಾಸಿಗೆಯಲ್ಲಿ ಮಲಗುತ್ತಾಳೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಸ್ಪತ್ರೆ ಸೇರಿದ ನೂರು ಜನರಲ್ಲಿ ಹದಿನೈದು ಮಂದಿಗೆ ಒಂದಲ್ಲ ಒಂದು ಆಸ್ಪತ್ರೆ ಸೋಂಕು ತಗಲುತ್ತದೆ, ಸಿರಿವಂತ ದೇಶಗಳಲ್ಲಿ ಏಳು ಮಂದಿಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಲೆಕ್ಕ ಕೊಟ್ಟಿತು. ನೀರಿನ ಪಾಲು ಅದರಲ್ಲಿ ಎಷ್ಟೆಂದು ತಿಳಿಯಬೇಕಾದರೆ ಮೈಸೂರಿನ ಪ್ರಯೋಗಾಲಯದ ವರದಿ, ರೋಗಿಯನ್ನು ಕಳಿಸಿದ ಆಸ್ಪತ್ರೆಗೆ ವಾಪಸು ಬರುವ ಏರ್ಪಾಡಾಗಬೇಕು. ಒಂದು ಫೋನ್ ಕರೆಯ ದೂರದಲ್ಲಿರುವ ಕೆಲಸವಿದು.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡಾಗ ಅನುಮಾನ ಬಿದ್ದದ್ದು ಅವರ ನರಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಆ ಬಾಟಲಿಗೆ ಬ್ಯಾಚ್ ಸಂಖ್ಯೆ ಇತ್ತು. ಯಾವ ಕಂಪನಿ, ಯಾವ ದಿನ, ಯಾವ ಜಿಲ್ಲೆಗೆ ಎಷ್ಟು ಎಂದು ಹಿಡಿದು ಕೇಳಲು, ಬಳಕೆ ನಿಲ್ಲಿಸಲು ದಾರಿ ಇತ್ತು. ಔಷಧದ ಶಿಸ್ತು ಎಂದು ನಾನು ಹೇಳುತ್ತಿರುವುದು ಇದನ್ನೇ. ಅದು ದುರಂತವನ್ನು ತಪ್ಪಿಸಲಿಲ್ಲ, ಆದರೆ ಪ್ರಶ್ನೆ ಕೇಳಲು ಕುರುಹು ಉಳಿಸಿತು. ನಲ್ಲಿಯ ನೀರಿನ ವಿಷಯದಲ್ಲಿ ಅಂಥ ಕುರುಹೂ ಉಳಿಯುವುದಿಲ್ಲ.

ವೈದ್ಯರೇ ಇಲ್ಲದಿರುವಲ್ಲಿ, ಅರಿವಳಿಕೆ ತಜ್ಞರ ಹುದ್ದೆ ಖಾಲಿ ಇರುವಲ್ಲಿ ನೀರಿನ ರಿಜಿಸ್ಟರ್ ಎಂಬುದು ಬೇಡದ ಹೊರೆ ಎಂಬ ಆಕ್ಷೇಪಣೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ನರ್ಸ್‌ಗಳು ಈಗಾಗಲೇ ಪುಸ್ತಕ ತುಂಬಿಸಿ ದಣಿದಿದ್ದಾರೆ. ಅವರಿಗೆ ಇನ್ನೊಂದು ಪುಸ್ತಕ ಕೊಡುವುದು ಅನ್ಯಾಯ. ಆದರೆ ತಜ್ಞರನ್ನು ತರುವುದು ಸರ್ಕಾರದ ಕೈಯಲ್ಲಿರುವ, ವರ್ಷಗಟ್ಟಲೆ ಹಿಡಿಯುವ ಕೆಲಸ. ಟ್ಯಾಂಕ್ ತೊಳೆಯುವುದು ಹಾಗಲ್ಲ. ತಡೆದ ಒಂದೊಂದು ಸೋಂಕೂ ವೈದ್ಯರ ಕೈಗೆ ಸಮಯವನ್ನು, ಉಗ್ರಾಣಕ್ಕೆ ಆ್ಯಂಟಿಬಯೊಟಿಕ್ಕನ್ನು ಉಳಿಸಿಕೊಡುತ್ತದೆ. 2015ರಲ್ಲಿ ಬಂದ ‘ಕಾಯಕಲ್ಪ’ ಯೋಜನೆ ಸ್ವಚ್ಛತೆಗೆ ಅಂಕ, ಬಹುಮಾನ ಕೊಟ್ಟು ಎಷ್ಟೋ ಆಸ್ಪತ್ರೆಗಳ ಮುಖ ಬದಲಿಸಿತು. ಅದರ ಕೊರತೆಯೆಂದರೆ ಮೌಲ್ಯಮಾಪಕರು ಬರುವ ವಾರ ಟ್ಯಾಂಕಿನ ಮೇಲೆ ತೊಳೆದ ದಿನಾಂಕ ಬರೆಯಲು ಅದು ಕಲಿಸಿತು, ಉಳಿದ ವಾರಗಳಲ್ಲಿ ನಲ್ಲಿಯನ್ನು ಅಳೆಯಲು ಕಲಿಸಲಿಲ್ಲ.

ಕೆರೆ ಬಯಲಿನ ನಮ್ಮ ಊರುಗಳಲ್ಲಿ ನೀರುಗಂಟಿ ಎಂಬ ಒಬ್ಬ ಇರುತ್ತಿದ್ದ. ತೂಬು ಎತ್ತುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದೆಲ್ಲ ಅವನ ಮಾತು. ಗೌಡರ ಗದ್ದೆಯಾದರೂ ಅವನನ್ನು ಕೇಳದೆ ತೂಬಿಗೆ ಕೈ ಹಾಕುವಂತಿರಲಿಲ್ಲ. ಸುಗ್ಗಿಯಲ್ಲಿ ಎಲ್ಲ ಕಣದಿಂದಲೂ ಅವನ ಪಾಲಿನ ಕಾಳು ಹೋಗುತ್ತಿತ್ತು. ಆಸ್ಪತ್ರೆಗೆ ಬೇಕಾದವರೂ ಅಂಥವರೇ. ಹೊಸ ಹುದ್ದೆ ಸೃಷ್ಟಿಯಾಗುವವರೆಗೆ ಕಾಯಬೇಕಿಲ್ಲ. ಈಗ ಮೋಟಾರ್ ಹಾಕುತ್ತಿರುವ, ಟ್ಯಾಂಕಿಗೆ ಇಳಿಯುತ್ತಿರುವ ಗ್ರೂಪ್ ‘ಡಿ’ ನೌಕರರಲ್ಲಿ ಒಬ್ಬರನ್ನು ಆರಿಸಿ, ವಾರವೊಂದರ ತರಬೇತಿ ಕೊಟ್ಟು, ಕ್ಲೋರೊಸ್ಕೋಪ್ ಕೈಗಿಟ್ಟು, ದಿನಕ್ಕೆರಡು ಸಲ ತೀರ ದೂರದ ನಲ್ಲಿಯನ್ನು ಅಳೆದು ಗೋಡೆಯ ಮೇಲಿನ ಬೋರ್ಡಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆಯುವ ಕೆಲಸ ವಹಿಸಬೇಕು. ಡಯಾಲಿಸಿಸ್ ಘಟಕದ ತಂತ್ರಜ್ಞರ ಫೋನ್ ನಂಬರು ಅವರ ಬಳಿ, ಅವರದ್ದು ಪುರಸಭೆಯ ವಾಲ್‌ಮನ್ ಬಳಿ ಇರಬೇಕು. ಅವರು ರಜೆ ಹಾಕಿದ ದಿನ ಇನ್ನೊಬ್ಬರು ಯಾರೆಂದೂ ಬರೆದಿರಬೇಕು. ಈ ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಸಂಬಳ ಕೊಡಬೇಕು. ಹೊರಗುತ್ತಿಗೆಯಲ್ಲಿ ತಿಂಗಳುಗಟ್ಟಲೆ ಬಾಕಿ ಉಳಿಸಿಕೊಂಡು ಹೊಣೆ ಹೊರಿಸುವುದು ಸಲ್ಲದು.

ಅಧಿಕಾರವೂ ಬೇಕು. ಸಂಜೆ ಅಳೆದಾಗ ಕ್ಲೋರಿನ್ ಸೊನ್ನೆ ಎಂದು ಕಂಡರೆ, ಆಡಳಿತ ವೈದ್ಯಾಧಿಕಾರಿಯ ಸಹಿಗೆ ಕಾಯದೆ ಆ ನಲ್ಲಿಯನ್ನು ಮುಚ್ಚಿಸಿ ವಾರ್ಡಿಗೆ ಕುದಿಸಿದ ನೀರು ತರಿಸುವ ಹಕ್ಕು ಅವರಿಗೆ ಬರಹದಲ್ಲಿ ಸಿಗಬೇಕು. ಇದಕ್ಕೆ ಬೆಂಗಳೂರಿನಿಂದ ಆದೇಶ ಬರಬೇಕಾಗಿಲ್ಲ. ತಾಲ್ಲೂಕು ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇದೆ, ಅದಕ್ಕೆ ಸಣ್ಣದಾದರೂ ತನ್ನದೇ ಖರ್ಚಿನ ಹಣ ಇದೆ, ಜನಪ್ರತಿನಿಧಿಗಳು ಅದರಲ್ಲಿ ಕೂರುತ್ತಾರೆ. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಸಂಪು, ಟ್ಯಾಂಕು, ಸಿಂಕು, ಬಾಟಲಿಯ ನೀರು ಎಂದು ಒಂದು ಸಾಲು ಸೇರಿಸಿ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಸಮಿತಿಗಳು ಒಂದೊಂದು ಹೆಸರನ್ನು ಗೊತ್ತು ಮಾಡಿ ನಡಾವಳಿಯಲ್ಲಿ ಬರೆಯಲಿ. ಮಳೆಗಾಲ ಹಿಡಿದು ಹೊಳೆಗಳು ಕೆಂಪಾಗುವ ಮೊದಲೇ ಬರೆಯಲಿ.